ದುಂಡು ತೆರೆ ಏನನ್ನು ತೋರಿಸಬೇಕು?

ಅಜ್ಜಿಯ ಪೆಟ್ಟಿಗೆಯಲ್ಲಿ ಉಳಿದುಬಂದ ಹಳೆಯ ಬೆಳ್ಳಿಯ ರೂಪಾಯಿಗಿಂತ ತುಸುವೇ ಅಗಲವಾದ ಒಂದು ಗಾಜಿನ ಬಿಲ್ಲೆ. ಅದರ ಬೆನ್ನಿಗೆ ಅಂಟಿಕೊಂಡ ಒಂದು ಪುಟ್ಟ ಹಲಗೆ. ಹಲಗೆಯ ಅಂಚಿನಲ್ಲಿ ಏಳೆಂಟು ಲೋಹದ ಕಡ್ಡಿಗಳು. ವಿದ್ಯುತ್ತನ್ನೂ ತಕ್ಕ ಸಂಕೇತಗಳನ್ನೂ ಒದಗಿಸಿದರೆ ಆ ಬಿಲ್ಲೆಯ ಮೇಲೆ ಬಣ್ಣಬಣ್ಣದ ಚಿತ್ರಗಳು ಮೂಡುತ್ತವೆ. ಕೆಲವು ನೂರು ರೂಪಾಯಿಗಳಿಗೆ ದೊರೆಯುವ ಈ ದುಂಡು ವರ್ಣತೆರೆ ಇಲೆಕ್ಟ್ರಾನಿಕ್ಸ್ ಹವ್ಯಾಸಿಗಳಿಗೆ ಈಗ ಬಹು ಪ್ರಿಯವಾದ ವಸ್ತು. ಇಂಥವನ್ನು ಕೊಳ್ಳಲು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳನ್ನು ಸುತ್ತಲೇಬೇಕಾಗಿದ್ದ ಕಾಲ ಕಳೆಯಿತು. ಕಡೂರು, ತರೀಕೆರೆ, ಅಜ್ಜಂಪುರಗಳ ಹುಡುಗ ಹುಡುಗಿಯರೂ ಮನೆಯಲ್ಲಿ ಕುಳಿತೇ ತರಿಸಿಕೊಳ್ಳುವಂತಾಗಿದೆ.

ವಸ್ತು ಕೈಗೆ ಬಂದುದು ಸಂತೋಷ. ಅದರಲ್ಲಿ ನಾವು ಏನನ್ನು ತೋರಿಸುತ್ತಿದ್ದೇವೆ ಎಂಬುದೇ ನಮ್ಮನ್ನು ಕೆಲವು ದಿನಗಳಿಂದ ಕಾಡುತ್ತಿರುವ ಪ್ರಶ್ನೆ. ನಾವು ನೋಡಿದ ತೆರೆಗಳಲ್ಲಿ ಹೆಚ್ಚಿನವು ಎರಡೇ ಕೆಲಸಗಳನ್ನು ಮಾಡುತ್ತಿದ್ದುವು. ಒಂದು, ಗೊಂಬೆಯ ಕಣ್ಣಾಗಿ ಅತ್ತಿತ್ತ ಹೊರಳುವುದು; ಇನ್ನೊಂದು, ಬೆಲೆಬಾಳುವ ಕೈಗಡಿಯಾರದ ಮುಖವನ್ನು ಅನುಕರಿಸುವುದು. ಎರಡೂ ಮೊದಲ ವಾರಕ್ಕೆ ಒಳ್ಳೆಯ ಅಭ್ಯಾಸವೇ. ಕಣ್ಣು ಹೊರಳಿದಾಗ ಮಗುವಿನ ಮುಖದಲ್ಲಿ ಕಾಣುವ ಹಿಗ್ಗಿಗೆ ನಾವು ಅಡ್ಡಬರುವವರಲ್ಲ. ಆದರೆ ಕಣ್ಣು ಹೊರಳಿದ ಮೇಲೆ ಮುಂದೇನು?

ಮೊದಲು ಯಂತ್ರದ ವಿಚಾರ. ನಾವು ಹೇಳುತ್ತಿರುವ ತೆರೆಯ ಅಡ್ಡಳತೆ ೧.೨೮ ಅಂಗುಲ, ಎಂದರೆ ಸುಮಾರು ೩೨.೪ ಮಿಲಿಮೀಟರು. ಈ ಅಗಲದೊಳಗೆ ೨೪೦ ಬಿಂದುಗಳು ಸಾಲಾಗಿ ನಿಂತಿರುತ್ತವೆ. ಒಂದೊಂದರ ಅಗಲ ೦.೧೩೫ ಮಿ.ಮೀ. ಪ್ರತಿಯೊಂದು ಬಿಂದುವಿನಲ್ಲಿಯೂ ಕೆಂಪು, ಹಸುರು, ನೀಲಿ ಎಂಬ ಮೂರು ಕಿಂಡಿಗಳುಂಟು. ಅವುಗಳ ಹಿಂದೆ ಸದಾ ಉರಿಯುವ ಬಿಳಿಯ ದೀಪದ ಬೆಳಕನ್ನು ಎಷ್ಟೆಷ್ಟು ಹೊರಬಿಡಬೇಕೆಂಬುದನ್ನು ೧೬ ಬಿಟ್ಟುಗಳ ಒಂದು ಸಂಖ್ಯೆ ನಿರ್ಧರಿಸುತ್ತದೆ: ಕೆಂಪಿಗೆ ೫, ಹಸುರಿಗೆ ೬, ನೀಲಿಗೆ ೫. ಹೀಗೆ ೬೫,೫೩೬ ಛಾಯೆಗಳು ಸಾಧ್ಯ. ಈ ಎಲ್ಲ ಕಿಂಡಿಗಳ ಕಾವಲುಗಾರ ಜಿಸಿ೯ಎ೦೧ ಎಂಬ ಚಿಪ್ಪು.

ಈ ಚಿಪ್ಪಿನದೊಂದು ತಮಾಷೆಯುಂಟು. ತಾನು ನಡೆಸುತ್ತಿರುವ ತೆರೆ ದುಂಡಗಿದೆಯೆಂಬುದು ಅದಕ್ಕೆ ತಿಳಿಯದು. ಅದರ ನೆನಪಿನ ಕೋಣೆ ಚೌಕ: ೨೪೦ಕ್ಕೆ ೨೪೦, ಒಟ್ಟು ೫೭,೬೦೦ ಬಿಂದುಗಳು. ಅವುಗಳಲ್ಲಿ ವೃತ್ತದೊಳಗೆ ಬೀಳುವುವು ಸುಮಾರು ೪೫,೨೦೦ ಮಾತ್ರ. ಉಳಿದ ೧೨,೪೦೦ರಷ್ಟು ಬಿಂದುಗಳು ನಾಲ್ಕು ಮೂಲೆಗಳಲ್ಲಿ ಲೆಕ್ಕಕ್ಕುಂಟು, ಕಣ್ಣಿಗಿಲ್ಲ. ಚೌಕದ ಬಾಳೆಯೆಲೆಯ ತುಂಡಿನ ಮೇಲೆ ದುಂಡು ಹೋಳಿಗೆ ತಟ್ಟಿದಂತೆ. ಅರಿಯದವನು ಮೂಲೆಯಲ್ಲಿ ಅಕ್ಷರ ಬರೆದು, ಕಾಣಿಸಲಿಲ್ಲವೆಂದು ತಂತಿಗಳನ್ನು ಬಿಚ್ಚಿ ಕಟ್ಟುತ್ತ ಕುಳಿತಿರುತ್ತಾನೆ.

ಇಡೀ ಚಿತ್ರವನ್ನು ಒಮ್ಮೆ ಬರೆಯಲು ಬಿಂದುವಿಗೆ ಎರಡು ಬೈಟುಗಳಂತೆ ೧,೧೫,೨೦೦ ಬೈಟುಗಳು ಬೇಕು. ಶಾಲೆಗಳಲ್ಲಿ ಸಾಮಾನ್ಯವಾಗಿ ಬಳಸುವ ಆರ್ಡುಯಿನೋ ಯುನೋ ಎಂಬ ಚಿಕ್ಕ ಗಣಕದ ತಾತ್ಕಾಲಿಕ ನೆನಪು ೨,೦೪೮ ಬೈಟು. ಸೇರಿನ ಪಾತ್ರೆಯಲ್ಲಿ ಪಲ್ಲದ ಕಾಳನ್ನು ಅಳೆಯುವಂತಾಯಿತು. ಅದರ ಅತಿ ಹೆಚ್ಚಿನ ವೇಗವಾದ ಸೆಕೆಂಡಿಗೆ ೮೦ ಲಕ್ಷ ಬಿಟ್ಟುಗಳಲ್ಲಿ ಕಳುಹಿಸಿದರೂ ಒಂದು ಚಿತ್ರಕ್ಕೆ ಸೆಕೆಂಡಿನ ಒಂಬತ್ತನೆಯ ಒಂದು ಭಾಗ ಹಿಡಿಯುತ್ತದೆ. ಕಣ್ಣಿಗೆ ಅದು ಮಿಣುಕಿದಂತೆ ಕಾಣುವುದು. ೫೨೦ ಕಿಲೋಬೈಟು ನೆನಪುಳ್ಳ ಇಎಸ್‌ಪಿ೩೨ ಆದರೆ ಐದು ಪಟ್ಟು ವೇಗದಲ್ಲಿ ಕಳುಹಿಸಬಲ್ಲುದು. ಆದರೂ ಚಿಕ್ಕ ಗಣಕವನ್ನು ತಿರಸ್ಕರಿಸಬೇಕಾದುದಿಲ್ಲ. ಬದಲಾದ ಭಾಗವನ್ನಷ್ಟೆ ಬರೆದರೆ ಸಾಕು. ರಂಗೋಲಿಯ ಒಂದು ಎಸಳು ಅಳಿಸಿತೆಂದು ಇಡೀ ಅಂಗಳವನ್ನು ಸಾರಿಸುವವರುಂಟೆ?

ದುಂಡು ತೆರೆ ಹೊಸದೆಂದು ಭಾವಿಸಿರುವ ಎಳೆಯರಿಗೆ ಒಂದು ಮಾತು. ಕಾರ್ಲ್ ಫರ್ಡಿನಾಂಡ್ ಬ್ರೌನ್ ೧೮೯೭ರಲ್ಲಿ ರಚಿಸಿದ ಕ್ಯಾಥೋಡ್ ಕಿರಣದ ಕೊಳವೆಯ ಮುಖ ದುಂಡಗಿತ್ತು. ಅದರ ಸಂತತಿಯಾದ ಆಸಿಲೋಸ್ಕೋಪುಗಳೂ ರೇಡಾರುಗಳೂ ದುಂಡಗಿದ್ದುವು. ಅಮೆರಿಕದಲ್ಲಿ ೧೯೫೪ರಲ್ಲಿ ಮಾರಾಟಕ್ಕೆ ಬಂದ ಮೊದಲ ವರ್ಣ ಟೆಲಿವಿಷನ್ನುಗಳ ಕೊಳವೆಯೂ ದುಂಡೇ. ವಾಲ್ವ್ ರೇಡಿಯೋ ಕಂಡ ಹಿರಿಯರಿಗೆ ಅದರ ಮುಂಭಾಗದಲ್ಲಿ ಮಿನುಗುತ್ತಿದ್ದ ಹಸುರು ಕಣ್ಣು ನೆನಪಿರಬಹುದು. ನಿಲಯ ಸರಿಯಾಗಿ ಸಿಕ್ಕಿದರೆ ಅದರ ನೆರಳು ಮುಚ್ಚಿಕೊಳ್ಳುತ್ತಿತ್ತು. ಅದೂ ಒಂದು ಕಣ್ಣೇ. ಆದರೆ ಕೆಲಸವಿದ್ದ ಕಣ್ಣು. ಬಳಿಕ ಪುಸ್ತಕದ ಹಾಳೆಯಂತೆ ತೆರೆಗಳೆಲ್ಲ ಆಯತವಾದುವು. ಕೈಗಡಿಯಾರದ ನೆಪದಲ್ಲಿ ದುಂಡು ಮತ್ತೆ ಬಂದಿತು. ೨೦೧೪ರಲ್ಲಿ ಮೋಟರೋಲಾ ಹೊರತಂದ ಮೋಟೋ ೩೬೦ ಗಡಿಯಾರದ ವೃತ್ತದ ತಳದಲ್ಲಿ ಒಂದು ಕಪ್ಪು ಪಟ್ಟಿ ಉಳಿದಿತ್ತು. ಗಾಳಿಯಿಳಿದ ಚಕ್ರವೆಂದು ಜನ ನಕ್ಕರು. ಇಂದು ನೂರಾರು ರೂಪಾಯಿಗಳ ಬಿಲ್ಲೆಯಲ್ಲಿ ಆ ಪಟ್ಟಿಯೂ ಇಲ್ಲ. ದುಂಡನ್ನು ತಿದ್ದಿ ತೀಡುವ ಕೌಶಲ ನಮ್ಮ ಸೀಮೆಗೆ ಹೊಸದಲ್ಲವೆಂಬುದನ್ನು ನೋಡಬೇಕಾದವರು ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಹೋಗಿ, ೧೧೯೬ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದ ಕಡೆದ ಕಂಬಗಳನ್ನು ಮುಟ್ಟಿ ನೋಡಬಹುದು.

ಬಿಲ್ಲೆಯ ಹೊಟ್ಟೆಯಲ್ಲಿರುವುದು ದ್ರವಸ್ಫಟಿಕ. ಹರಿಯುವುದರಲ್ಲಿ ದ್ರವ, ಅಣುಗಳ ಶಿಸ್ತಿನಲ್ಲಿ ಸ್ಫಟಿಕ. ೧೮೮೮ರಲ್ಲಿ ಆಸ್ಟ್ರಿಯದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಸರ್ ಒಂದು ವಸ್ತುವನ್ನು ಕಾಯಿಸುತ್ತಿದ್ದಾಗ ಅದು ೧೪೫.೫ ಡಿಗ್ರಿಯಲ್ಲಿ ಕರಗಿ ಮಸುಕಾದ ದ್ರವವಾಗಿ, ೧೭೮.೫ ಡಿಗ್ರಿಯಲ್ಲಿ ತಿಳಿಯಾಯಿತು. ಒಂದೇ ವಸ್ತುವಿಗೆ ಎರಡು ಕರಗುವ ಬಿಂದುಗಳು! ಅಲ್ಲಿಂದ ಆರಂಭವಾದ ಕಥೆಯಲ್ಲಿ ಕರ್ನಾಟಕಕ್ಕೂ ಒಂದು ಅಧ್ಯಾಯವುಂಟೆಂಬುದನ್ನು ನಮ್ಮ ವಿದ್ಯಾರ್ಥಿಗಳು ಅರಿಯದಿರುವುದು ವಿಷಾದದ ಸಂಗತಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದು, ೧೯೭೧ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಗೆ ಬಂದ ಎಸ್. ಚಂದ್ರಶೇಖರ್ ಅವರೂ ಅವರ ಸಹೋದ್ಯೋಗಿಗಳೂ, ಕಡ್ಡಿಯಂಥ ಅಣುಗಳು ಮಾತ್ರವಲ್ಲದೆ ಬಿಲ್ಲೆಯಂಥ ಅಣುಗಳೂ ದ್ರವಸ್ಫಟಿಕವಾಗಬಲ್ಲವೆಂದು ೧೯೭೭ರಲ್ಲಿ ತೋರಿಸಿಕೊಟ್ಟರು. ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಆ ಅಣುಗಳು ಕಂಬಗಳಾಗಿ ನಿಲ್ಲುತ್ತವೆ. ತೆರೆಗಳನ್ನು ಓರೆಯಿಂದ ನೋಡಿದರೂ ಚಿತ್ರ ಕೆಡದಂತೆ ಮಾಡುವ ಒಂದು ಬಗೆಯ ಹಾಳೆಗಳಲ್ಲಿ ಮುಂದೆ ಇಂಥ ಬಿಲ್ಲೆಯಣುಗಳು ಬಳಕೆಗೆ ಬಂದುವು. ನಮ್ಮ ದುಂಡು ತೆರೆಗಳಲ್ಲಿರುವುದು ಬೇರೆ ಉಪಾಯ: ಅಲ್ಲಿ ಕಡ್ಡಿಯಣುಗಳು ಗಾಜಿನ ಮಟ್ಟದಲ್ಲಿಯೇ ತಿರುಗುತ್ತವೆ; ಆದುದರಿಂದ ಪಕ್ಕದಿಂದ ನೋಡಿದರೂ ಬಣ್ಣ ಕೆಡುವುದಿಲ್ಲ.

ತಂತಿ ಜೋಡಿಸುವ ವಿಚಾರದಲ್ಲಿ ನಮ್ಮದೇ ಒಂದು ಪೆದ್ದುತನವನ್ನು ಹೇಳಿಬಿಡುತ್ತೇವೆ. ನಮಗೆ ಬಂದ ಹಲಗೆಯ ಕಡ್ಡಿಗಳ ಪಕ್ಕದಲ್ಲಿ ಎಸ್‌ಸಿಎಲ್, ಎಸ್‌ಡಿಎ ಎಂದು ಅಚ್ಚಾಗಿದ್ದಿತು. ಈ ಹೆಸರುಗಳು ವಾಡಿಕೆಯಲ್ಲಿ ಐ೨ಸಿ ಎಂಬ ಎರಡು ತಂತಿಯ ಪದ್ಧತಿಗೆ ಸೇರಿದುವು. ನಾವು ಹಾಗೆಯೇ ಕಟ್ಟಿದೆವು. ದೀಪ ಉರಿಯಿತು, ಚಿತ್ರ ಬರಲಿಲ್ಲ. ಎರಡು ಸಂಜೆ ಕಳೆದ ಮೇಲೆ ತಿಳಿದುದು, ಈ ತೆರೆ ಎಸ್‌ಪಿಐ ಎಂಬ ಬೇರೆಯೇ ಪದ್ಧತಿಯದೆಂದು. ಮೊದಲನೆಯದು ತಾಳ ಹಾಕುವ ತಂತಿ, ಎರಡನೆಯದು ಮಾಹಿತಿಯ ತಂತಿ, ಹೆಸರು ಮಾತ್ರ ಎರವಲು. ಮಾರಿದವರು ಕೊಟ್ಟ ಚೀಟಿಯಲ್ಲಿ ಇದರ ಸೊಲ್ಲಿರಲಿಲ್ಲ. ಯುನೋವಿನ ೫ ವೋಲ್ಟಿನ ಸಂಕೇತವನ್ನು ೩.೩ ವೋಲ್ಟಿಗೆ ಇಳಿಸಿಯೇ ಕೊಡಬೇಕೆಂಬ ಮಾತೂ ಇರಲಿಲ್ಲ. ಮಕ್ಕಳ ಕೈಗೆ ಕೊಡುವ ಹಿರಿಯರು ಇವೆರಡನ್ನು ಮೊದಲೇ ಹೇಳಿಕೊಟ್ಟರೆ ಅವರ ಸಂಜೆಗಳಾದರೂ ಉಳಿದಾವು.

ಇನ್ನು ಮುಖ್ಯ ವಿಷಯ. ದುಂಡು ತೆರೆಯಲ್ಲಿ ದುಂಡಾದ ಸಂಗತಿಯನ್ನೇ ತೋರಿಸಬೇಕೆಂಬುದು ನಮ್ಮ ಅಭಿಪ್ರಾಯ. ಸುತ್ತು ಬಂದು ಮೊದಲಿನ ಸ್ಥಾನಕ್ಕೇ ಸೇರುವ ಸಂಗತಿಗಳು ಲೋಕದಲ್ಲಿ ಬೇಕಾದಷ್ಟುಂಟು: ಹಗಲಿರುಳು, ಗಾಳಿಯ ದಿಕ್ಕು, ಋತುಗಳು. ನಮ್ಮ ಸೀಮೆಯ ರೈತನ ಬದುಕಿಗೆ ಹತ್ತಿರವಾದುದು ಇನ್ನೊಂದುಂಟು. ಅದು ಮೂರು ಫೇಸಿನ ವಿದ್ಯುತ್ತು.

ಬಾಬಾಬುಡನ್ ಗಿರಿಯ ಮಳೆನೆರಳಿನಲ್ಲಿರುವ ಕಡೂರಿನ ಬಯಲಿನಲ್ಲಿ ತೆಂಗು ಉಳಿದಿರುವುದು ಬಹುಮಟ್ಟಿಗೆ ಕೊಳವೆ ಬಾವಿಯ ನೀರಿನಿಂದ. ತರೀಕೆರೆಯಿಂದ ಬೇರ್ಪಟ್ಟು ತಾಲ್ಲೂಕಾದ ಅಜ್ಜಂಪುರದ ಹೊಲಗಳ ಪಾಡೂ ಹೆಚ್ಚು ಬೇರೆಯಲ್ಲ. ಪಂಪಿಗೆ ಕರೆಂಟು ಬರುವುದು ದಿನದಲ್ಲಿ ಕೆಲವೇ ಗಂಟೆಗಳು, ಎಷ್ಟೋ ವೇಳೆ ರಾತ್ರಿಯಲ್ಲಿ. ತೋಟದ ಮೂಲೆಯ ಪಂಪ್‌ಹೌಸಿನಲ್ಲಿ ಒಂದು ಪ್ಯಾನೆಲ್ ಬೋರ್ಡು. ಅದರ ಮೇಲೆ ಕೆಂಪು, ಹಳದಿ, ನೀಲಿ ಎಂಬ ಮೂರು ದೀಪಗಳು, ಮುಳ್ಳು ತಿರುಗುವ ಎರಡು ದುಂಡು ಮೀಟರುಗಳು. ಓದು ಬಾರದ ಮುದುಕನಿಗೂ ಈ ಮೂರು ಬಣ್ಣಗಳ ಅರ್ಥ ಗೊತ್ತು. ಮೂರರಲ್ಲಿ ಒಂದು ಹೋದರೆ ಉಳಿದ ಎರಡು ಸುರುಳಿಗಳು ಹೆಚ್ಚು ವಿದ್ಯುತ್ತನ್ನು ಎಳೆದುಕೊಂಡು ಕಾಯುತ್ತವೆ. ಕಾವಲಿನ ಸಾಧನ ಕೈಕೊಟ್ಟಿದ್ದರೆ ಮೋಟರು ಸುಟ್ಟುಹೋಗುತ್ತದೆ. ನೂರಾರು ಅಡಿ ಆಳದಿಂದ ಅದನ್ನು ಮೇಲೆತ್ತಿ, ಹೊಸ ಸುರುಳಿ ಸುತ್ತಿಸಿ, ಮತ್ತೆ ಇಳಿಸುವ ಹೊತ್ತಿಗೆ ಒಂದು ಬೇಸಗೆಯ ನೀರಿನ ಪಾಳಿಯೇ ತಪ್ಪಿರುತ್ತದೆ.

ಮೂರು ಫೇಸುಗಳು ಒಂದರಿಂದೊಂದು ೧೨೦ ಡಿಗ್ರಿಗಳಷ್ಟು ಹಿಂದು ಮುಂದಾಗಿ ನಡೆಯುತ್ತವೆ. ಮೂರು ೧೨೦ ಸೇರಿದರೆ ಒಂದು ಪೂರ್ಣ ವೃತ್ತ. ದುಂಡು ತೆರೆಯ ಅಂಚನ್ನು ಮೂರು ಕಮಾನುಗಳಾಗಿ ಭಾಗಿಸಿ, ಒಂದಕ್ಕೆ ಕೆಂಪು, ಒಂದಕ್ಕೆ ಹಳದಿ, ಒಂದಕ್ಕೆ ನೀಲಿ ತುಂಬಿ, ಆಯಾ ಫೇಸಿನ ಪ್ರಮಾಣಕ್ಕೆ ತಕ್ಕಂತೆ ಕಮಾನು ಬೆಳೆಯುವಂತೆಯೂ ಕುಗ್ಗುವಂತೆಯೂ ಮಾಡಿದರೆ, ಸಮವಾಗಿದ್ದಾಗ ಮೂರೆಸಳಿನ ಹೂವು ಕಾಣುತ್ತದೆ. ಒಂದೆಸಳು ಮುರುಟಿದರೆ ಬಾಗಿಲಲ್ಲಿ ನಿಂತೇ ತಿಳಿಯುತ್ತದೆ. ಇಲ್ಲಿ ದುಂಡೂ ಬಣ್ಣವೂ ಅಲಂಕಾರಕ್ಕಾಗಿ ಬಂದುವಲ್ಲ, ಅವುಗಳಿಗೆ ಅರ್ಥವುಂಟು. ಕಣ್ಣು ಹೊರಳಿಸಬಲ್ಲ ಹುಡುಗಿಗೆ ಈ ಹೂವನ್ನು ಬರೆಯುವುದು ಕಷ್ಟದ ಕೆಲಸವೇನೂ ಅಲ್ಲ.

ಆದರೆ ಇದರಲ್ಲೊಂದು ಮೋಸವಿದೆ. ತಿರುಗುತ್ತಿರುವ ಮೋಟರಿಗೆ ಒಂದು ಫೇಸು ತಪ್ಪಿದಾಗ, ಮೋಟರು ತಾನೇ ಜನಕದಂತೆ ವರ್ತಿಸಿ ತಪ್ಪಿದ ತಂತಿಯಲ್ಲಿ ಹೆಚ್ಚುಕಡಿಮೆ ಮೊದಲಿನಷ್ಟೇ ವೋಲ್ಟೇಜನ್ನು ಹುಟ್ಟಿಸುತ್ತದೆ. ದೀಪ ಆರುವುದಿಲ್ಲ, ವೋಲ್ಟ್ ಮೀಟರಿನ ಮುಳ್ಳೂ ಹೆಚ್ಚು ಇಳಿಯುವುದಿಲ್ಲ. ದೀಪ ಮೂರೂ ಉರಿಯುತ್ತಿದ್ದುವಲ್ಲ, ಮೋಟರು ಹೇಗೆ ಸುಟ್ಟಿತು ಎಂದು ಹಳ್ಳಿಯಲ್ಲಿ ತಲೆಯ ಮೇಲೆ ಕೈಯಿಟ್ಟು ಕುಳಿತವರನ್ನು ನಾವು ಕಂಡಿದ್ದೇವೆ. ಆದುದರಿಂದ ಮೋಟರು ಓಡುತ್ತಿರುವಾಗ ತೋರಿಸಬೇಕಾದುದು ಮೂರು ತಂತಿಗಳ ಆಂಪಿಯರು, ವೋಲ್ಟಲ್ಲ. ಇದಕ್ಕೆ ತಂತಿಯನ್ನು ಕತ್ತರಿಸಬೇಕಾಗಿಲ್ಲ. ಹೊದಿಕೆಯುಳ್ಳ ತಂತಿಯ ಸುತ್ತ ಉಂಗುರದಂತೆ ತೊಡಿಸುವ ಕರೆಂಟ್ ಟ್ರಾನ್ಸ್‌ಫಾರ್ಮರುಗಳು ಸಿಕ್ಕುತ್ತವೆ.

ಇಷ್ಟು ಬರೆದ ಮೇಲೆ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ನಾವು ತಪ್ಪಿತಸ್ಥರಾಗುತ್ತೇವೆ. ಪ್ಯಾನೆಲ್ ಬೋರ್ಡಿನೊಳಗೆ ೪೧೫ ವೋಲ್ಟು ಹರಿಯುತ್ತಿರುತ್ತದೆ. ಮಕ್ಕಳು ಅದರ ಬಾಗಿಲನ್ನು ತೆರೆಯಲೇ ಕೂಡದು. ಉಂಗುರಗಳನ್ನು ತೊಡಿಸುವ ಕೆಲಸವನ್ನು ಮೇಲಿನ ಸ್ವಿಚ್ಚನ್ನು ಇಳಿಸಿ, ಬಲ್ಲ ಎಲೆಕ್ಟ್ರೀಷಿಯನ್ನನೇ ಮಾಡಬೇಕು. ಉಂಗುರದ ಎರಡು ತುದಿಗಳನ್ನು ಯಾವುದಕ್ಕೂ ಸೇರಿಸದೆ ಬಿಡುವುದೂ ಅಪಾಯ. ಅಲ್ಲಿ ಹೆಚ್ಚಿನ ವೋಲ್ಟೇಜು ಹುಟ್ಟಬಹುದು. ಮನೆಯಲ್ಲಿ ಅಭ್ಯಾಸ ಮಾಡುವವರು ತೆರೆಯನ್ನು ಬ್ಯಾಟರಿಯಿಂದ ನಡೆಸಿ, ಆಂಪಿಯರಿಗೆ ಬದಲಾಗಿ ಮೂರು ತಿರುಗುಗುಂಡಿಗಳನ್ನು ಇಟ್ಟುಕೊಂಡು ಹೂವನ್ನು ಪರೀಕ್ಷಿಸಬಹುದು.

ದುಂಡು ತೆರೆಗೆ ಒಗ್ಗದ ಸಂಗತಿಗಳೂ ಉಂಟು. ನೀರಿನ ತೊಟ್ಟಿಯ ಮಟ್ಟವನ್ನು ತೋರಿಸಲು ತೆರೆಯನ್ನೇ ಒಂದು ಗುಂಡು ಪಾತ್ರೆಯೆಂದು ಭಾವಿಸಿ ಕೆಳಗಿನಿಂದ ನೀಲಿ ಬಣ್ಣ ಏರುವಂತೆ ಬರೆಯುವುದು ಈಗ ಬಹಳ ನಡೆದಿದೆ. ನೋಡಲು ಚೆಲುವು, ಲೆಕ್ಕದಲ್ಲಿ ಸುಳ್ಳು. ಅಡ್ಡಳತೆಯ ಅರ್ಧಕ್ಕೆ ಬಣ್ಣ ಏರಿದಾಗ ವೃತ್ತದ ಅರ್ಧ ತುಂಬುವುದು ನಿಜ. ಕಾಲುಭಾಗದ ಎತ್ತರಕ್ಕೆ ಏರಿದಾಗ ಮಾತ್ರ ತುಂಬುವುದು ನೂರಕ್ಕೆ ೨೫ ಅಲ್ಲ, ಸುಮಾರು ೧೯.೬. ನೇರ ಗೋಡೆಯ ತೊಟ್ಟಿಯಲ್ಲಿ ಕಾಲುಭಾಗ ನೀರಿದ್ದರೂ ಕಣ್ಣಿಗೆ ಐದನೆಯ ಒಂದು ಭಾಗಕ್ಕೂ ಕಡಮೆಯೆಂದೇ ತೋರುತ್ತದೆ. ಮಟ್ಟವನ್ನು ಅಂಚಿನ ಸುತ್ತಲಿನ ಕಮಾನಿನಿಂದಲೋ ನಡುವಿನ ದಪ್ಪ ಅಂಕಿಯಿಂದಲೋ ತೋರಿಸುವುದು ಮೇಲು. ಇನ್ನೂ ಮೇಲಾದುದು ನೇರವಾದ ಕಂಬ. ಅದಕ್ಕೆ ದುಂಡು ತೆರೆಯೇ ಏಕೆ ಎಂದು ಯಾರಾದರೂ ಕೇಳಿದರೆ, ಬೇಡವೆಂದೇ ನಮ್ಮ ಉತ್ತರ.

ಹಾಗೆಂದು ನೀರನ್ನು ಬಿಡುವಂತಿಲ್ಲ. ತೊಟ್ಟಿಯ ನೀರಲ್ಲದಿದ್ದರೆ ಮಳೆಯ ನೀರು. ನಮ್ಮ ರೈತರು ಮಳೆಯನ್ನು ಎಣಿಸುವುದು ನಕ್ಷತ್ರಗಳಿಂದ: ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ, ಹೀಗೆ. ಇದು ಜ್ಯೋತಿಷವಲ್ಲವೇ, ವಿಜ್ಞಾನದ ಪತ್ರಿಕೆಯಲ್ಲಿ ಇದಕ್ಕೇನು ಕೆಲಸ ಎಂದು ಹುಬ್ಬು ಗಂಟಿಕ್ಕಬೇಕಾದುದಿಲ್ಲ. ನಕ್ಷತ್ರಗಳ ಹಿನ್ನೆಲೆಯಲ್ಲಿ ಸೂರ್ಯನ ಹಾದಿಯನ್ನು ೨೭ ಭಾಗ ಮಾಡಿದ ಸೌರ ಪಂಚಾಂಗವಿದು. ಒಂದೊಂದು ಭಾಗ ೧೩ ಡಿಗ್ರಿ ೨೦ ಮಿನಿಟು. ಅದನ್ನು ದಾಟಲು ಸೂರ್ಯನಿಗೆ ೧೩-೧೪ ದಿನ ಬೇಕು. ಆರಿದ್ರ ಮಳೆ ಹುಟ್ಟುವುದು ಈಗ ಪ್ರತಿವರ್ಷವೂ ಜೂನ್ ೨೨ರ ಸುಮಾರಿಗೆ. ನಾವು ಗೋಡೆಗೆ ತೂಗುಹಾಕುವ ಕ್ಯಾಲೆಂಡರಿಗೂ ಇದಕ್ಕೂ ಬೀಳುವ ವ್ಯತ್ಯಾಸ ೭೨ ವರ್ಷಗಳಿಗೆ ಒಂದು ದಿನ ಮಾತ್ರ. ದುಂಡು ತೆರೆಯ ಅಂಚನ್ನು ೨೭ ಮನೆಗಳನ್ನಾಗಿ ಮಾಡಿ, ಒಂದೊಂದು ಮಳೆಯಲ್ಲಿ ಬಿದ್ದ ನೀರಿನ ಪ್ರಮಾಣಕ್ಕೆ ತಕ್ಕಂತೆ ಆ ಮನೆಯ ಬಣ್ಣವನ್ನು ಗಾಢಗೊಳಿಸುತ್ತ ಹೋದರೆ ಇಡೀ ವರ್ಷದ ಮಳೆ ಒಂದು ನೋಟಕ್ಕೆ ಸಿಕ್ಕುತ್ತದೆ. ೧೧೦ ಬಿಂದುಗಳ ತ್ರಿಜ್ಯದಲ್ಲಿ ಸುತ್ತಳತೆ ಸುಮಾರು ೬೯೧ ಬಿಂದು; ಮನೆಗೆ ೨೫ ಬಿಂದುಗಳು ಸಿಕ್ಕುತ್ತವೆ. ಹೆಸರು ಬರೆಯಲು ಅಷ್ಟು ಸಾಲದು, ಬಣ್ಣಕ್ಕೆ ಸಾಕು. ನಡೆಯುತ್ತಿರುವ ಮಳೆಯ ಹೆಸರೊಂದನ್ನು ನಡುವೆ ಬರೆದರಾಯಿತು. ಅಳೆಯಲು ಒಂದು ಏತದಂತೆ ಅತ್ತಿತ್ತ ಬೀಳುವ ಪುಟ್ಟ ಬಟ್ಟಲು, ಅದಕ್ಕೊಂದು ಅಯಸ್ಕಾಂತ, ಒಂದು ರೀಡ್ ಸ್ವಿಚ್ಚು ಸಾಕು. ಕಡೂರಿನಲ್ಲೊಂದು, ಅಜ್ಜಂಪುರದಲ್ಲೊಂದು, ಭದ್ರೆಯ ಮಗ್ಗುಲಿನ ಲಕ್ಕವಳ್ಳಿಯಲ್ಲೊಂದು ಇಟ್ಟು ವರ್ಷದ ಕೊನೆಗೆ ಮೂರು ಬಿಲ್ಲೆಗಳನ್ನು ಪಕ್ಕಪಕ್ಕದಲ್ಲಿ ಹಿಡಿದರೆ, ಬಯಲುಸೀಮೆ ಎಂದರೇನು, ಮಲೆನಾಡಿನ ಸೆರಗು ಎಂದರೇನು ಎಂಬುದನ್ನು ಭೂಗೋಳದ ಮೇಷ್ಟರು ಬಾಯಲ್ಲಿ ಹೇಳಬೇಕಾಗಿ ಬರುವುದಿಲ್ಲ.

ನಡುವೆ ಹೆಸರು ಬರೆಯುವುದೆಂದೆವಲ್ಲ, ಅಲ್ಲಿಯೇ ತೊಡಕು. ತೆರೆಗೆ ಕನ್ನಡ ಬಾರದು. ಹವ್ಯಾಸಿಗಳು ಬಳಸುವ ಸಿದ್ಧ ಕ್ರಮವಿಧಿಗಳು ಸಾಮಾನ್ಯವಾಗಿ ಒಂದು ಸಂಕೇತಕ್ಕೆ ಒಂದು ಚಿತ್ರದಂತೆ ಎಡದಿಂದ ಬಲಕ್ಕೆ ಜೋಡಿಸುತ್ತ ಹೋಗುತ್ತವೆ. ಇಂಗ್ಲಿಷಿಗೆ ಅದು ಸಾಕು. ಕನ್ನಡದಲ್ಲಿ ‘ಕಡೂರು’ ಎಂಬ ಮೂರಕ್ಷರದ ಹೆಸರಿಗೆ ಐದು ಸಂಕೇತಗಳು, ‘ತರೀಕೆರೆ’ಯ ನಾಲ್ಕಕ್ಷರಕ್ಕೆ ಏಳು, ‘ಅಜ್ಜಂಪುರ’ದ ನಾಲ್ಕಕ್ಕೆ ಎಂಟು. ಸ್ವರಚಿಹ್ನೆ ಸೇರಿದಾಗ ವ್ಯಂಜನದ ತಲೆಕಟ್ಟು ಬದಲಾಗಬೇಕು. ‘ಜ್ಜ’ದಲ್ಲಿ ಎರಡನೆಯ ಜಕಾರ ಒತ್ತಾಗಿ ಕೆಳಗಿಳಿಯಬೇಕು. ಸಿದ್ಧ ಕ್ರಮವಿಧಿಗೆ ಒಪ್ಪಿಸಿದರೆ ಅಜ್ಜಂಪುರ ಮುರಿದ ಜಕಾರಗಳ ಸಂತೆಯಾಗಿ ಹೊರಬೀಳುತ್ತದೆ. ಹಾಗಾಗಿ ಹುಡುಗರು ಇಂಗ್ಲಿಷಿಗೆ ಶರಣಾಗುತ್ತಾರೆ. ತೋಟದ ಮನೆಯ ಉಪಕರಣ ತೋಟದ ಮನೆಯವರಿಗೆ ಬಾರದ ಭಾಷೆಯಲ್ಲಿ ಮಾತನಾಡುತ್ತದೆ.

ಇದಕ್ಕೆ ಬೇಸರಗೊಂಡು ಕೈಕಟ್ಟಿ ಕೂರಬೇಕಾದುದಿಲ್ಲ. ಒಂದು ಉಪಕರಣಕ್ಕೆ ಬೇಕಾಗುವ ಮಾತುಗಳು ಎಷ್ಟು? ನೀರು, ಮಟ್ಟ, ಮೋಟರು, ನಿಂತಿದೆ, ಓಡುತ್ತಿದೆ, ಕೆಂಪು ಇಲ್ಲ, ಒಣಗಿದೆ: ನಲವತ್ತು ದಾಟುವುದು ಅಪರೂಪ. ಅಕ್ಷರಗಳನ್ನು ಜೋಡಿಸುವ ಗೋಜೇ ಬೇಡ. ಇಡೀ ಮಾತನ್ನೇ ಒಂದು ಚಿತ್ರವಾಗಿ ದೊಡ್ಡ ಗಣಕದಲ್ಲಿ ಬರೆದು, ಚಿಕ್ಕ ಗಣಕಕ್ಕೆ ತುಂಬಿಬಿಡಬಹುದು. ೯೬ ಬಿಂದು ಅಗಲ, ೩೨ ಬಿಂದು ಎತ್ತರದ ಒಂದು ಮಾತಿಗೆ, ಬಿಂದುವಿಗೊಂದು ಬಿಟ್ಟಿನಂತೆ, ೩೮೪ ಬೈಟು. ನಲವತ್ತು ಮಾತುಗಳಿಗೆ ೧೫,೩೬೦ ಬೈಟು. ಯುನೋವಿನ ಶಾಶ್ವತ ನೆನಪಾದ ೩೨ ಕಿಲೋಬೈಟಿನಲ್ಲಿ ಅರ್ಧವೂ ಆಗಲಿಲ್ಲ. ಹಳೆಯ ಮುದ್ರಣಾಲಯಗಳಲ್ಲಿ ಪದೇ ಪದೇ ಬರುವ ಶಿರೋನಾಮೆಗಳನ್ನು ಅಚ್ಚುಮೊಳೆಗಳಿಂದ ಪ್ರತಿಸಲವೂ ಜೋಡಿಸದೆ ಒಂದೇ ಬ್ಲಾಕಾಗಿ ಮಾಡಿಸಿ ಇಟ್ಟುಕೊಳ್ಳುತ್ತಿದ್ದರಲ್ಲ, ಅದೇ ಉಪಾಯ.

ಅಂಕಿಗಳ ವಿಷಯದಲ್ಲಿ ನಮ್ಮ ನಿಲುವು ಕೆಲವರಿಗೆ ರುಚಿಸಲಾರದು. ಕನ್ನಡದ ಅಂಕಿಗಳು ಹತ್ತೇ, ಒಂದು ಸಂಕೇತಕ್ಕೆ ಒಂದೇ ಚಿತ್ರ, ಒತ್ತಿಲ್ಲ, ಗುಣಿತವಿಲ್ಲ. ತೆರೆಗೆ ಕಲಿಸಲು ಇಷ್ಟು ಸುಲಭವಾದುದು ಬೇರೆಯಿಲ್ಲ. ಈ ಲೇಖನದಲ್ಲಿಯೂ ನಾವು ಅವನ್ನೇ ಬಳಸಿದ್ದೇವೆ. ಆದರೂ ಪಂಪ್‌ಹೌಸಿನ ತೆರೆಯಲ್ಲಿ ಅವನ್ನೇ ಬಳಸಬೇಕೆಂದು ನಾವು ಹಠ ಹಿಡಿಯಲಾರೆವು. ಚಿಕ್ಕ ಗಾತ್ರದಲ್ಲಿ ‘೧’ರ ಬಾಯಿ ಮುಚ್ಚಿಕೊಂಡು ‘೦’ ಆಗಿಬಿಡುತ್ತದೆ. ೧೦೧ ಯಾವುದು, ೧೦೦ ಯಾವುದು ಎಂದು ಕತ್ತಲೆಯಲ್ಲಿ ಕಣ್ಣು ಕಿರಿದುಮಾಡಿ ನೋಡಬೇಕಾಗುತ್ತದೆ. ವಿದ್ಯುತ್ತಿನ ಬಿಲ್ಲಿನಲ್ಲಿಯೂ ದೂರವಾಣಿಯಲ್ಲಿಯೂ ಇಂಗ್ಲಿಷ್ ಅಂಕಿಗಳಿಗೆ ಪಳಗಿದ ಕಣ್ಣಿಗೆ ಅಪಾಯದ ಹೊತ್ತಿನಲ್ಲಿ ಹೊಸ ಪಾಠ ಬೇಡ. ಅಂಕಿಯಲ್ಲಿ ಬಳಕೆದಾರನ ಅಭ್ಯಾಸಕ್ಕೆ ಸೋಲೋಣ. ಮಾತಿನಲ್ಲಿ ಮಾತ್ರ ಸೋಲಕೂಡದು.

ಬಿಸಿಲಿನ ಮಾತೊಂದು ಉಳಿದಿದೆ. ಕಡೂರಿನ ಮಾರ್ಚ್ ತಿಂಗಳ ನಡುಹಗಲಿನಲ್ಲಿ ಈ ತೆರೆಯನ್ನು ಬಯಲಿಗೆ ತಂದರೆ ಏನೂ ಕಾಣದು. ಹಿಂದಿನ ದೀಪದ ಬೆಳಕು ಸೂರ್ಯನೆದುರು ಸೊನ್ನೆ. ಪ್ಯಾನೆಲ್ ಬೋರ್ಡಿನ ಹಳೆಯ ಮುಳ್ಳಿನ ಮೀಟರು ಆಗ ಇನ್ನೂ ಚೆನ್ನಾಗಿ ಕಾಣುತ್ತದೆ, ಅದಕ್ಕೆ ದೀಪವೇ ಬೇಡ. ಹೊಸದು ಬಂದಿತೆಂದು ಹಳೆಯದನ್ನು ಕಿತ್ತುಹಾಕುವ ಉತ್ಸಾಹಿಗಳು ಇದನ್ನು ನೆನಪಿಡಬೇಕು. ದುಂಡು ತೆರೆಯ ಜಾಗ ನೆರಳು. ಅದರ ಹೊತ್ತು ರಾತ್ರಿ.

ಅಟಲ್ ಟಿಂಕರಿಂಗ್ ಪ್ರಯೋಗಶಾಲೆಗಳೆಂಬ ಹೆಸರಿನಲ್ಲಿ ೨೦೧೬ರಿಂದೀಚೆಗೆ ದೇಶದ ಸಾವಿರಾರು ಶಾಲೆಗಳಿಗೆ ಇಂಥ ಉಪಕರಣಗಳು ಬಂದಿವೆ. ೬ರಿಂದ ೧೨ನೆಯ ತರಗತಿಯ ಮಕ್ಕಳಿಗೆ ಮೀಸಲಾದ ಈ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ ೨೦ ಲಕ್ಷ ರೂಪಾಯಿಗಳವರೆಗೆ ನೆರವುಂಟು. ಇಂಥ ಸೌಲಭ್ಯವುಳ್ಳ ಶಾಲೆಯ ಉಪಾಧ್ಯಾಯರಲ್ಲಿ ನಮ್ಮದೊಂದು ಕೋರಿಕೆ. ವಸ್ತುಪ್ರದರ್ಶನಕ್ಕೆಂದು ಕಣ್ಣು ಹೊರಳಿಸುವ ಗೊಂಬೆಯನ್ನು ಮಾಡಿಸುವ ಬದಲು, ಮೇಲೆ ಹೇಳಿದ ನಲವತ್ತು ಮಾತುಗಳ ಚಿತ್ರಭಂಡಾರವನ್ನು ಮಕ್ಕಳಿಂದ ಮಾಡಿಸಿ. ಒಂದು ಶಾಲೆ ಪಂಪಿನ ಮಾತುಗಳನ್ನು, ಇನ್ನೊಂದು ಮಳೆಯ ಹೆಸರುಗಳನ್ನು, ಮಗದೊಂದು ಅಡಕೆ ಈರುಳ್ಳಿಗಳ ಉಗ್ರಾಣಕ್ಕೆ ಬೇಕಾದ ಶಾಖ, ತೇವಗಳ ಮಾತುಗಳನ್ನು ಬರೆದು ತಮ್ಮತಮ್ಮಲ್ಲಿ ಹಂಚಿಕೊಂಡರೆ, ಮುಂದಿನವರು ಇಂಗ್ಲಿಷಿಗೆ ಶರಣಾಗಲು ನೆಪವಿರುವುದಿಲ್ಲ. ಇದಕ್ಕೆ ಬಹುಮಾನ ಬಾರದಿರಬಹುದು. ತೀರ್ಪುಗಾರರು ಹೊರಳುವ ಕಣ್ಣನ್ನೇ ಮೆಚ್ಚಿಯಾರು.

ನಾವು ಮಾಡಿದ ಮೂರೆಸಳಿನ ಹೂವು ಕಡೂರಿನ ಸಮೀಪದಲ್ಲಿರುವ ನಮ್ಮ ಸೋದರಮಾವನ ತೋಟದ ಪಂಪ್‌ಹೌಸಿನಲ್ಲಿದೆ. ಮೊದಲ ರಾತ್ರಿ ಅವರು ಅದನ್ನು ಬಹಳ ಹೊತ್ತು ನೋಡಿದರು. “ಹೂವೇನೋ ಚೆನ್ನಾಗೈತೆ ಕಣಪ್ಪ, ಮೂರೂ ಸಮ ಐತೆ ಅನ್ನೋದು ಗೊತ್ತಾಯ್ತದೆ. ನಡುವೆ ಏನು ಬರ್ದಿದೀಯ?” ಎಂದರು. ಓಡುತ್ತಿದೆ ಎಂದು ಬರೆದಿದೆ ಮಾವ, ಎಂದೆವು. ಅವರು ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಇಳಿಸಿ, ಇನ್ನೊಮ್ಮೆ ನೋಡಿದರು. ೩೨ ಬಿಂದುಗಳ ಅಕ್ಷರ ಲೆಕ್ಕ ಹಾಕಿದರೆ ೪.೩ ಮಿಲಿಮೀಟರು, ನಮ್ಮ ಮೇಜಿನ ಮೇಲೆ ಅದು ಸಾಕಷ್ಟು ದೊಡ್ಡದಾಗಿಯೇ ಕಂಡಿತ್ತು. ಈಗ ಅದನ್ನು ಎರಡು ಪಟ್ಟು ಮಾಡುತ್ತಿದ್ದೇವೆ. ‘ಓಡುತ್ತಿದೆ’ ಎಂಬುದು ಆ ಗಾತ್ರದಲ್ಲಿ ಹೂವಿನ ಒಳಗೆ ಹಿಡಿಸುವುದಿಲ್ಲ. ಓಡುತ್ತಿರುವಾಗ ಹೂವೊಂದೇ ಇರಲಿ, ನಿಂತಾಗ ಮಾತ್ರ ಏಕೆ ನಿಂತಿತೆಂದು ಬರೆದು ತೋರಿಸಿದರೆ ಸಾಕೆಂದು ಮಾವ ಹೇಳಿದ್ದಾರೆ.